ಒಂದಕ್ಕೆ ಎಂಬತ್ತು

ಮಟಕಾ ಎಂಬ ಅಂಕಿ ಜೂಜು ಹುಟ್ಟಿದ್ದು ಹತ್ತಿಯ ದರದಿಂದ ಅಂದರೆ ರಾಯಚೂರಿನವರಾದ ನಮಗೆ ಆಶ್ಚರ್ಯವಾಗಬಾರದು. ಗಂಜಿನಲ್ಲಿ ದರ ಕೂಗುವಾಗ ಬಾಯಿ ಒಣಗಿಸಿಕೊಂಡು ನಿಲ್ಲುವುದು ಇಲ್ಲಿಯ ರೈತರಿಗೆ ಹೊಸದಲ್ಲ. ಆದರೆ ಮುಂಬಯಿಯಲ್ಲಿ ದರದ ಮೇಲೆ ರೊಕ್ಕ ಹಚ್ಚುತ್ತಿದ್ದವರಿಗೆ ಒಂದು ಹಿಡಿ ಅರಳೆಯೂ ಬೇಕಿರಲಿಲ್ಲ. ನ್ಯೂಯಾರ್ಕಿನ ಹತ್ತಿ ಪೇಟೆ ತೆರೆಯುವಾಗಿನ ದರ, ಮುಚ್ಚುವಾಗಿನ ದರ ಎರಡೂ ಟೆಲಿಪ್ರಿಂಟರಿನಲ್ಲಿ ಬರುತ್ತಿದ್ದವು. ಬರುವ ಅಂಕಿ ಯಾವುದು ಎಂಬುದೇ ಪಂದ್ಯ. ಬೆಂಗಳೂರು, ಮೈಸೂರು ಕಡೆ ಓಸಿ ಅನ್ನುವುದೂ ಇದೇ ಓಪನ್-ಕ್ಲೋಸ್ ಆಟಕ್ಕೆ.

1961ರಲ್ಲಿ ಆ ದರ ಬರುವುದು ನಿಂತಿತು. ಆಟ ನಿಲ್ಲಲಿಲ್ಲ. ಅಂಕಿ ಬರೆದ ಚೀಟಿಗಳನ್ನು ಮಡಕೆಗೆ, ಅಂದರೆ ಮಟಕಾಕ್ಕೆ, ಹಾಕಿ ಎತ್ತುವ ರೂಢಿ ಬಂತು. ಕಛ್‌ನಿಂದ ಬಂದು ವರ್ಲಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಕಲ್ಯಾಣ್‌ಜಿ ಭಗತ್ 1962ರಲ್ಲಿ ತನ್ನ ಮಟಕಾ ಶುರು ಮಾಡಿದ. ಎರಡು ವರ್ಷದ ನಂತರ, ದೇಶ ವಿಭಜನೆಯಾದಾಗ ಕರಾಚಿಯಿಂದ ಬಂದಿದ್ದ ರತನ್ ಖತ್ರಿ ‘ನ್ಯೂ ವರ್ಲಿ ಮಟಕಾ’ ತೆಗೆದ. ಮಡಕೆಯ ಜಾಗಕ್ಕೆ ಇಸ್ಪೀಟು ಬಂತು. ಮೂರು ಎಲೆ ಎತ್ತುವುದು, ಕೂಡಿಸುವುದು, ಮೊತ್ತದ ಕೊನೆಯ ಅಂಕಿ ಹಿಡಿಯುವುದು. 3, 5, 6 ಬಂದರೆ ಹದಿನಾಲ್ಕು, ಓಪನ್ ನಾಲ್ಕು. ಕ್ಲೋಸಿಗೆ ಇನ್ನೂ ಮೂರು ಎಲೆ. ಎರಡೂ ಅಂಕಿ ಸೇರಿದರೆ ಜೋಡಿ.

ಗಿರಣಿ ಕಾರ್ಮಿಕರು ಇದಕ್ಕೆ ಮುಗಿಬಿದ್ದದ್ದಕ್ಕೆ ಕಾರಣ ಸರಳ: ಒಂದು ರೂಪಾಯಿಯನ್ನೂ ಒಲ್ಲೆ ಅನ್ನುತ್ತಿರಲಿಲ್ಲ. ರೇಸಿಗೆ ಹೋಗಲು ಟಿಕೆಟ್ಟು, ಅಂಗಿ ಇಸ್ತ್ರಿ, ಒಂದು ದಿನದ ರಜೆ ಬೇಕು. ಇಲ್ಲಿ ಪಾಳಿ ಮುಗಿಸಿ ಬರುವಾಗ ಬೀಡಾ ಅಂಗಡಿಯ ಮುಂದೆ ಒಂದು ನಿಮಿಷ ನಿಂತರೆ ಸಾಕು. ತುರ್ತುಪರಿಸ್ಥಿತಿಯಲ್ಲಿ ಖತ್ರಿಯನ್ನು ಜೈಲಿಗೆ ಹಾಕಿದರು. ಹೊರಬಂದವನೇ ಮತ್ತೆ ಎಲೆ ಎತ್ತಿದ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಷ್ಟು ಹೊತ್ತಿಗೆ ಮಟಕಾ ಮುಂಬಯಿ ದಾಟಿ ಎಲ್ಲೆಲ್ಲೋ ಬೇರು ಬಿಟ್ಟಿತ್ತು. ಕೂಲಿಗೆಂದು ಮುಂಬಯಿಗೆ ಹೋಗಿಬರುವ ನಮ್ಮ ಕಡೆಯವರಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ.

ನಾನು ವಕೀಲಿಕೆಯ ಕರಿಕೋಟು ಹಾಕಿಕೊಂಡ ಹೊಸದರಲ್ಲಿ ಅಂಕಿ ಎಸ್‌ಟಿಡಿ ಬೂತಿಗೆ ಬರುತ್ತಿತ್ತು. ಬೂತಿನ ಹುಡುಗ ಬೆರಳಿನಲ್ಲಿ ತೋರಿಸಿದರೆ ಎದುರಿನ ಚಹಾದಂಗಡಿಯಲ್ಲಿ ಹತ್ತು ಜನ ನಿಟ್ಟುಸಿರು ಬಿಡುತ್ತಿದ್ದರು, ಒಬ್ಬ ಎಲ್ಲರಿಗೂ ಚಹಾ ಹೇಳುತ್ತಿದ್ದ. ಹಳೆಯ ಅಂಕಿಗಳ ‘ಕಲ್ಯಾಣ್ ಚಾರ್ಟ್’ ಇಟ್ಟುಕೊಂಡು ಅದರಲ್ಲಿ ಕ್ರಮ ಹುಡುಕುವವರಿದ್ದರು. ಕನಸಿನಲ್ಲಿ ಹಾವು ಕಂಡರೆ ಇಂಥ ಅಂಕಿ ಎಂದು ಹೇಳುವವರಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ತಲೆಕೆಟ್ಟು ಕೂತವನೊಬ್ಬನಿಗೆ ದಿನಾ ಬನ್ನು ಕೊಡಿಸಿ, ಅವನ ಬಾಯಿಂದ ಉದುರುವ ಸಂಖ್ಯೆಗೆ ಕಾಯುತ್ತಿದ್ದ ಹಮಾಲರನ್ನು ನಾನೇ ಕಂಡಿದ್ದೇನೆ.

ನನ್ನ ಪಾಲಿಗೆ ಬಂದದ್ದು ಪಂಚನಾಮೆಗಳು. ಕರ್ನಾಟಕ ಪೊಲೀಸ್ ಕಾಯ್ದೆ 1963, ಕಲಂ 78(3). ಒಂದು ಓದಿದರೆ ಸಾವಿರ ಓದಿದ ಹಾಗೆ. ಆರೋಪಿ ಸಾರ್ವಜನಿಕ ಸ್ಥಳದಲ್ಲಿ ನಿಂತು, ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವುದಾಗಿ ಕೂಗಿ ಜನರಿಂದ ಹಣ ಪಡೆಯುತ್ತಿದ್ದ. ಮುದ್ದೆಮಾಲು: ನಗದು ಐದಾರು ನೂರು, ಮಟಕಾ ಪಟ್ಟಿ ಒಂದು, ಅಂದಾಜು ಕಿಮ್ಮತ್ತು ಇಲ್ಲ, ಬಾಲ್ ಪೆನ್ನು ಒಂದು, ಅಂದಾಜು ಕಿಮ್ಮತ್ತು ಇಲ್ಲ. ಪಟ್ಟಿಯನ್ನು ಯಾರಿಗೆ ಕೊಡುತ್ತೀ ಎಂದು ಕೇಳಲಾಗಿ, ತಾನೇ ಇಟ್ಟುಕೊಳ್ಳುವುದಾಗಿ ಹೇಳಿದ. ಕೇಸು ಅಲ್ಲಿಗೆ ಮುಗಿಯಿತು. ಐದು ನೂರು ರೂಪಾಯಿಯ ಆಸಾಮಿ ಒಂದಕ್ಕೆ ಎಂಬತ್ತು ಎಲ್ಲಿಂದ ತಂದು ಕೊಡುತ್ತಾನೆ ಎಂದು ಮುಂದಿನ ಪ್ರಶ್ನೆ ಕೇಳಿದ ಪಂಚನಾಮೆ ನನ್ನ ಕಣ್ಣಿಗೆ ಬಿದ್ದಿಲ್ಲ. ಕಕ್ಷಿದಾರ ತಪ್ಪೊಪ್ಪಿಕೊಂಡು ದಂಡ ಕಟ್ಟಿ, ಓಪನ್ ಬರುವ ಮೊದಲೇ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದ. ಹಟ ಹಿಡಿದು ಮೇಲೆ ಹೋದವರು ಗೆದ್ದದ್ದೂ ಉಂಟು. ಇದು ಅಸಂಜ್ಞೇಯ ಅಪರಾಧ. ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಅದು ಸರಿಯಾಗಿಲ್ಲ ಎಂದು ಹೈಕೋರ್ಟು ಇಂಥ ಕೇಸುಗಳನ್ನು ರದ್ದು ಮಾಡಿದೆ.

ಈಗ ಲೆಕ್ಕಕ್ಕೆ ಬನ್ನಿ. 00ರಿಂದ 99ರವರೆಗೆ ನೂರು ಜೋಡಿ. ಎಲ್ಲದರ ಮೇಲೂ ಒಂದೊಂದು ರೂಪಾಯಿ ಬಂದರೆ ನೂರು ಸೇರಿತು, ಗೆದ್ದವನಿಗೆ ಎಂಬತ್ತು ಹೋಯಿತು. ಉಳಿದ ಇಪ್ಪತ್ತರಲ್ಲಿ ಬರೆಯುವವನ ಕಮಿಷನ್, ಮೇಲಿನವನ ಪಾಲು, ಕೇಸಿನ ಖರ್ಚು, ನನ್ನ ಫೀಸೂ. ಮಾಂಟೆ ಕಾರ್ಲೊದ ರೂಲೆಟ್ ಚಕ್ರದಲ್ಲಿ 37 ಮನೆ. ಒಂದೇ ಮನೆಗೆ ಹಚ್ಚಿ ಗೆದ್ದವನಿಗೆ ಹಚ್ಚಿದ್ದೂ ಸೇರಿ 36 ಪಟ್ಟು ಬರುತ್ತದೆ. ಅಂದರೆ ಮಾಲೀಕನಿಗೆ ಉಳಿಯುವುದು ನೂರಕ್ಕೆ ಮೂರಕ್ಕಿಂತ ಕಡಿಮೆ. ಚಕ್ರ ರಾತ್ರಿಯಿಡೀ ತಿರುಗುತ್ತದೆ, ಆ ಮೂರು ಮತ್ತೆ ಮತ್ತೆ ಕಡಿತವಾಗುತ್ತದೆ, ನಿಜ. ಆದರೂ ಒಂದೊಂದು ರೂಪಾಯಿಗೆ ತೆರುವ ಬೆಲೆ ನೋಡಿದರೆ ಸಾಹುಕಾರನ ಜೂಜು ಸೋವಿ, ಹಮಾಲನ ಜೂಜು ತುಟ್ಟಿ. ಮೇಲಾಗಿ 1990ರ ದಶಕದಲ್ಲಿ ಗೋವಾ ತನ್ನ ಕಾಯ್ದೆ ತಿದ್ದಿ ಹೋಟೆಲಿಗೂ ಹಡಗಿಗೂ ಜೂಜಿನ ಪರವಾನಗಿಯ ದಾರಿ ತೆಗೆಯಿತು. ಅಲ್ಲಿಯ ಮಾಂಡೋವಿ ನದಿಯ ಹಡಗಿನಲ್ಲಿ ನಮ್ಮ ರಾಜ್ಯದವರು ಆಡಿದರೆ ಪ್ರವಾಸ, ಚಹಾದಂಗಡಿಯಲ್ಲಿ ಆಡಿದರೆ ಕಲಂ.

ಸರಕಾರದ ಕೈಯೂ ಶುದ್ಧವಲ್ಲ. ಒಂದಂಕಿ ಲಾಟರಿ ಎಂಬುದು ಅಶೋಕ ಸ್ತಂಭದ ಮುದ್ರೆ ಹೊತ್ತ ಮಟಕಾ ಆಗಿತ್ತು. ಕೇಂದ್ರದ 1998ರ ಕಾಯ್ದೆ ಅದನ್ನು ನಿಷೇಧಿಸಿತು. 2007ರಲ್ಲಿ ಕರ್ನಾಟಕ ಲಾಟರಿಯನ್ನೇ ನಿಲ್ಲಿಸಿತು. 2021ರಲ್ಲಿ ರಾಜ್ಯ ಆನ್‌ಲೈನ್ ಜೂಜಿನ ಮೇಲೆ ತಂದ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಮರುವರ್ಷ ಹೈಕೋರ್ಟು ತಳ್ಳಿಹಾಕಿತು. 2025ರಲ್ಲಿ ಹಣ ಹಚ್ಚುವ ಆನ್‌ಲೈನ್ ಆಟಗಳನ್ನು ಸಂಸತ್ತು ದೇಶಕ್ಕೆಲ್ಲ ನಿಷೇಧಿಸಿದೆ. ಕಾನೂನಿಗೆ ಕೊರತೆ ಇಲ್ಲ.

ಕೊರತೆ ಇರುವುದು ನೂರರಲ್ಲಿ ಉಳಿಯುವ ಆ ಇಪ್ಪತ್ತರ ಬೆನ್ನು ಹತ್ತುವ ಮನಸ್ಸಿಗೆ. ದಿನಕ್ಕೆ ಐವತ್ತು ರೂಪಾಯಿ ಜೋಡಿಗೆ ಹಚ್ಚುವ ಹಮಾಲ ಸರಾಸರಿ ಹತ್ತು ಕಳೆಯುತ್ತಾನೆ, ವರ್ಷಕ್ಕೆ 3,650. ಆ ತೂತು ಮುಚ್ಚಲು ಹೆಂಡತಿ ಸಂಘದಲ್ಲಿ ಸಾಲ ಎತ್ತುತ್ತಾಳೆ, ವಾರವಾರ ಕಂತು ಕಟ್ಟುತ್ತಾಳೆ, ಅದಕ್ಕೆ ಬಡ್ಡಿ ಬೇರೆ. ಅವಳು ಒಂದು ಅಂಕಿಯನ್ನೂ ಬರೆಸಿದವಳಲ್ಲ. ಚೀಟಿ ಬರೆಯುವವನನ್ನು ಹಿಡಿದಾಗ ದಂಡ ಸೇರುವುದು ಖಜಾನೆಗೆ. ಅವಳ ಕಂತು ಒಂದು ರೂಪಾಯಿಯೂ ಇಳಿಯುವುದಿಲ್ಲ.