ಭಾರಕ್ಕೆ ಮಾಡಿದ ಕಮಾನು, ಖಾಲಿ ಓಡುವ ಗಾಡಿ

1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಬೆನ್ನಿಗೆ ಉಕ್ಕಿನ ತೊಟ್ಟಿಯೊಂದನ್ನು ಕೂರಿಸಿ 281 ಡಾಲರಿಗೆ ಮಾರತೊಡಗಿತು. ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂದ ಫೋರ್ಡಿನ ಮೊದಲ ಪಿಕಪ್ ಅದು. ತೊಟ್ಟಿಯ ಉದ್ದ 56 ಅಂಗುಲ, ಆಳ 13 ಅಂಗುಲ, ಹಿಂದೊಂದು ಬಾಗಿಲು. ಇವಿಷ್ಟರ ಜೊತೆಗೆ ಹಿಂದಿನ ಆಕ್ಸಲ್ ಮೇಲೆ ಮಾಮೂಲಿಗಿಂತ ಬಿರುಸಾದ ಕಮಾನು, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಬಿಗಿದ ಸ್ಪ್ರಿಂಗು. ಪಿಕಪ್ ಹುಟ್ಟಿದಾಗಲೇ ಅದರ ಒರಟು ನಡೆಯೂ ಹುಟ್ಟಿತು ಅನ್ನಬೇಕು. ಅಲ್ಲಿಂದಾಚೆಗಿನ ನೂರು ವರ್ಷ ಅಮೆರಿಕದ ಎಂಜಿನಿಯರುಗಳು, ಗ್ಯಾರೇಜಿನವರು, ಮಾಲೀಕರು ಆ ಬಿರುಸನ್ನು ಪಳಗಿಸಲು ನೋಡಿದ್ದಾರೆ. ಒಮ್ಮೆ ಗೆದ್ದಿದ್ದಾರೆ, ಒಮ್ಮೆ ಗೆದ್ದದ್ದನ್ನೇ ಕೈಬಿಟ್ಟಿದ್ದಾರೆ.

ಪಿಕಪ್‌ಗೂ ಮುಂಚೆ ಅಲ್ಲಿಯ ಹೊಲಗಳಲ್ಲಿ ಓಡುತ್ತಿದ್ದ ಕುದುರೆ ಗಾಡಿಗಳ ತೊಟ್ಟಿಗೆ ಸಾಮಾನ್ಯವಾಗಿ ಕಮಾನೇ ಇರುತ್ತಿರಲಿಲ್ಲ. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ 1852ರಿಂದ ಗಾಡಿ ಮಾಡುತ್ತಿದ್ದ ಸ್ಟುಡ್‌ಬೇಕರ್ ಸೋದರರಂಥವರ ಹೊಲದ ಗಾಡಿಗಳಲ್ಲಿ ರಸ್ತೆಯ ಪೆಟ್ಟು ನೇರ ಸರಕಿಗೇ ಬೀಳುತ್ತಿತ್ತು. ಗಾಡಿ ಹೊಡೆಯುವವನು ಕೂರುವ ಹಲಗೆಯ ಕೆಳಗೆ ಮಾತ್ರ ಎರಡು ಬಾಗಿದ ಉಕ್ಕಿನ ಪಟ್ಟಿ. ಲಂಡನ್ನಿನ ಒಬಾಡಿಯಾ ಎಲಿಯಟ್ 19ನೇ ಶತಮಾನದ ಆರಂಭದಲ್ಲೇ ಕಮಾನಿಗೆ ಪೇಟೆಂಟ್ ಪಡೆದಿದ್ದರೂ ಅದರ ಸುಖ ಉಂಡದ್ದು ಸಾರೋಟಿನಲ್ಲಿ ಕೂರುವವರು. ಜೋಳದ ಮೂಟೆಗೆ ಯಾಕೆ ಮೆತ್ತೆ ಎಂಬ ಲೆಕ್ಕ. ಹಳೆಯ ಟ್ರ್ಯಾಕ್ಟರುಗಳ ಕಬ್ಬಿಣದ ತಟ್ಟೆ ಸೀಟು ಒಂದೇ ಪಟ್ಟಿಯ ತುದಿಯಲ್ಲಿ ತೂಗಾಡುತ್ತಿದ್ದುದೂ ಇದೇ ಲೆಕ್ಕದ ಮುಂದುವರಿಕೆ.

ಖಾಲಿ ಪಿಕಪ್ ಯಾಕೆ ಎತ್ತಿ ಹಾಕುತ್ತದೆ? ಗಾಡಿಯ ತೂಕಕ್ಕೆ ಸ್ಪ್ರಿಂಗು 25 ಸೆಂಟಿಮೀಟರ್ ಕುಸಿದು ನಿಲ್ಲುವಷ್ಟು ಮೆದುವಾಗಿದ್ದರೆ ಅದು ಸೆಕೆಂಡಿಗೆ ಒಂದು ಸಲ ನಿಧಾನವಾಗಿ ಏರಿಳಿಯುತ್ತದೆ. ಕುಸಿತ ಮೂರು ಸೆಂಟಿಮೀಟರ್ ಕೂಡ ಇಲ್ಲದಿದ್ದರೆ ಅದೇ ಗಾಡಿ ಸೆಕೆಂಡಿಗೆ ಮೂರು ಸಲ ಕುಲುಕುತ್ತದೆ. ಮನುಷ್ಯನ ಮೈಗೆ ಮೇಲೆ ಕೆಳಗಿನ ಅದುರು ಅತಿ ಹೆಚ್ಚು ನಾಟುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ನಡುವೆ. ಇಂದಿನ ದೊಡ್ಡ ಅಮೆರಿಕನ್ ಪಿಕಪ್ ಮೂರು ಟನ್ನಿಗೂ ಹೆಚ್ಚು ಹೇರಿಕೊಳ್ಳಬಲ್ಲದು. ಅಷ್ಟು ಭಾರಕ್ಕೆ ಮಾಡಿದ ಕಮಾನಿಗೆ ಖಾಲಿ ತೊಟ್ಟಿ ಲೆಕ್ಕಕ್ಕೇ ಇಲ್ಲ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಇಳಿಸಿ ಊರಿಗೆ ಮರಳುವ ಪಿಕಪ್ಪಿನ ಹಿಂಭಾಗ ಪ್ರತಿ ಹಂಪಿಗೂ ನೆಗೆಯುವುದು ಇದೇ ಕಾರಣಕ್ಕೆ.

ಪಟ್ಟಿಗಳ ನಡುವಿನ ತಿಕ್ಕಾಟದ್ದು ಇನ್ನೊಂದು ಕಾಟ. ಒಂದರ ಮೇಲೊಂದು ಬಿಗಿದ ಪಟ್ಟಿಗಳು ಬಾಗಬೇಕಾದರೆ ಒಂದರ ಮೇಲೊಂದು ಜಾರಬೇಕು. ತುಕ್ಕು ಹಿಡಿದರೆ ಜಾರುವುದಿಲ್ಲ. ಸಣ್ಣ ಉಬ್ಬಿಗೆ ಇಡೀ ಕಮಾನು ಒಂದೇ ಕಬ್ಬಿಣದ ಗಟ್ಟಿಯ ಹಾಗೆ ನಿಂತುಬಿಡುತ್ತದೆ. ಮಾಡೆಲ್ ಟಿ ಮಾಲೀಕರಿಗೆ ಕೊಡುತ್ತಿದ್ದ ಕೈಪಿಡಿಯಲ್ಲೇ ಇದಕ್ಕೆ ಮದ್ದಿತ್ತು: ಪಟ್ಟಿಗಳ ತುದಿಯನ್ನು ಮೀಟಿ ಬಿಡಿಸಿ, ಸಂದಿಗೆ ಎಣ್ಣೆಯನ್ನೋ ಗ್ರಾಫೈಟನ್ನೋ ಸೇರಿಸುವುದು. ಮುಂದೆ ಕಮಾನಿಗೆ ಗ್ರೀಸು ತುಂಬಿದ ಚರ್ಮದ ಹೊದಿಕೆ ಹೊಲಿಸುವ ಪದ್ಧತಿಯೂ ಬಂತು. ಈಗ ಪಟ್ಟಿಯ ತುದಿಗೆ ನೈಲಾನ್ ತುಂಡು ಕೂರಿಸುತ್ತಾರೆ, ಕೆಲಸ ಅದೇ.

ಟಯರಿನ ಕಥೆ ಬೇಗ ಮುಗಿಯುವಂಥದ್ದು. 1917ರಲ್ಲಿ ಗುಡ್‌ಇಯರ್ ಕಂಪನಿ ಓಹಾಯೋದ ಆಕ್ರನ್‌ನಿಂದ ಬಾಸ್ಟನ್‌ಗೆ ಗಾಳಿ ತುಂಬಿದ ಟಯರಿನ ಲಾರಿಯೊಂದನ್ನು ಓಡಿಸಿತು. ಆವರೆಗೆ ಲಾರಿಗಳು ಓಡುತ್ತಿದ್ದುದು ಗಟ್ಟಿ ರಬ್ಬರಿನ ಚಕ್ರದ ಮೇಲೆ. ಮೊದಲ ಪ್ರಯಾಣದಲ್ಲಿ ಟಯರುಗಳು ಸಿಡಿದು, ಸೇತುವೆಗಳು ಕೈಕೊಟ್ಟು ವಾರಗಳೇ ಹಿಡಿದವು. ಆದರೂ ಭಾರದ ಗಾಡಿಗೆ ಗಾಳಿ ಆಗುತ್ತದೆ ಎಂಬುದು ಸಾಬೀತಾಯಿತು.

ನಡೆಯನ್ನು ಮೆತ್ತಗೆ ಮಾಡುವ ನಿಜವಾದ ಅಧ್ಯಯನ ನಡೆದದ್ದು ಕಾರಿನ ಕಡೆ, ಅದೂ ಬೆಲೆಬಾಳುವ ಕಾರಿನ ಕಡೆ. ರೋಲ್ಸ್ ರಾಯ್ಸ್ ಬಿಟ್ಟು 1930ರಲ್ಲಿ ಕ್ಯಾಡಿಲಾಕ್ ಸೇರಿದ ಇಂಗ್ಲಿಷ್ ಎಂಜಿನಿಯರ್ ಮಾರಿಸ್ ಆಲಿ, ಏಳು ಜನ ಕೂರುವ ಒಂದು ಲಿಮೊಸಿನ್ನಿನ ಮುಂದೆಯೂ ಹಿಂದೆಯೂ ಚಾಚುಗಳನ್ನು ಕಟ್ಟಿ, ಅವುಗಳ ಮೇಲೆ ತೂಕದ ಬಿಲ್ಲೆಗಳನ್ನು ಅತ್ತಿತ್ತ ಸರಿಸುವಂತೆ ಮಾಡಿದ. ನೋಡಲು ವಿಚಿತ್ರವಾದ ಗಾಡಿ. ತೂಕ ಸರಿಸುವುದು, ಸ್ಪ್ರಿಂಗ್ ಬದಲಿಸುವುದು, ಕೂತವರನ್ನು ಕೇಳುವುದು, ಮತ್ತೆ ಸರಿಸುವುದು. ಎಲ್ಲರ ಉತ್ತರ ಒಂದೇ ಕಡೆ ವಾಲಿತು: ಹಿಂದಿನ ಸ್ಪ್ರಿಂಗಿಗಿಂತ ಮುಂದಿನದು ಮೆದುವಾಗಿದ್ದರೆ ಗಾಡಿ ಮಟ್ಟಸವಾಗಿ ಸಾಗುತ್ತದೆ. ಉಬ್ಬು ಮೊದಲು ತಗಲುವುದು ಮುಂದಿನ ಗಾಲಿಗೆ. ತುಸು ತಡವಾಗಿ ಎದ್ದ ಹಿಂಭಾಗ ಬೇಗಬೇಗ ಆಡಿ ಮುಂಭಾಗದ ಲಯಕ್ಕೆ ಬಂದು ಕೂಡಿಕೊಳ್ಳುತ್ತದೆ. ಆವರೆಗಿನ ಕಾರುಗಳಲ್ಲಿ ಮುಂದಿನದೇ ಬಿರುಸಾಗಿರುತ್ತಿತ್ತು. 1934ರ ಕ್ಯಾಡಿಲಾಕ್ ಎರಡು ಮುಂಗಾಲಿಗಳೂ ಬೇರೆಬೇರೆಯಾಗಿ ಆಡುವ ಸಸ್ಪೆನ್ಷನ್ ಹೊತ್ತು ಬಂತು. ಹಿಂಭಾಗ ಬೇಗ ಆಡಬೇಕು ನಿಜ, ಆದರೆ ಅದಕ್ಕೂ ಮಿತಿಯುಂಟು. ಖಾಲಿ ಪಿಕಪ್ ಆ ಮಿತಿಯನ್ನು ಎಂದೋ ದಾಟಿರುತ್ತದೆ.

ಪಿಕಪ್ ಆ ವಿದ್ಯೆಗಾಗಿ ಇಪ್ಪತ್ತಾರು ವರ್ಷ ಕಾಯಬೇಕಾಯಿತು. 1948ರ ಫೋರ್ಡ್ ಎಫ್ ಸರಣಿಯಲ್ಲೂ ಮುಂದೆ ಹಿಂದೆ ಇಡಿಯ ಆಕ್ಸಲ್, ನಾಲ್ಕೂ ಕಡೆ ಕಮಾನು. 1960ರಲ್ಲಿ ಷೆವರ್ಲೆ ದೊಡ್ಡ ಜಿಗಿತ ಹಾಕಿತು: ಮುಂದೆ ತಿರುಚುವ ಸರಳಿನ ಮೇಲೆ ಬಿಡಿಬಿಡಿಯಾಗಿ ಆಡುವ ಗಾಲಿ, ಹಿಂದೆ ಉದ್ದನೆಯ ತೋಳುಗಳ ಮೇಲೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್. 1963ಕ್ಕೆ ಮುಂದಿನದನ್ನೂ ಕಾಯಿಲಿಗೆ ಬದಲಿಸಿತು. 1965ರಲ್ಲಿ ಫೋರ್ಡ್ ಮುಂದಿನ ಆಕ್ಸಲನ್ನು ಎರಡು ತೊಲೆಗಳಾಗಿ ಬೇರ್ಪಡಿಸಿ ಉತ್ತರ ಕೊಟ್ಟಿತು. ಆದರೆ 1973ರ ಹೊಸ ಮಾದರಿಯಲ್ಲಿ ಷೆವರ್ಲೆ ಹಿಂದಿನ ಕಾಯಿಲನ್ನು ಕಿತ್ತುಹಾಕಿ ಕಮಾನಿಗೇ ಮರಳಿತು. ಪಿಕಪ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹಿನ್ನಡೆ ಹುಡುಕುವುದು ಕಷ್ಟ. ಕಂಪನಿಯ ಕಡೆಯಿಂದ ನೋಡಿದರೆ ತಪ್ಪೂ ಅಲ್ಲ. ಕಮಾನು ತಾನೇ ಭಾರ ಹೊರುತ್ತದೆ, ತಾನೇ ಆಕ್ಸಲನ್ನು ಹಿಡಿದಿಡುತ್ತದೆ. ಕಾಯಿಲಿಗೆ ತೋಳು, ಅಡ್ಡ ಸರಳು ಎಲ್ಲವೂ ಬೇರೆ ಬೇಕು.

ಕಾರ್ಖಾನೆ ಕೈಬಿಟ್ಟದ್ದನ್ನು ಗ್ಯಾರೇಜುಗಳು ಕೈಗೆತ್ತಿಕೊಂಡವು. ತೀರ ಸುಲಭದ ಉಪಾಯ ಕಮಾನಿನಿಂದ ಒಂದೆರಡು ಪಟ್ಟಿ ತೆಗೆಯುವುದು. ನಡೆ ಮೆತ್ತಗಾಗುತ್ತದೆ, ಹಿಂಭಾಗ ತಗ್ಗುತ್ತದೆ, ಹೇರುವ ಶಕ್ತಿಯೂ ಅಷ್ಟೇ ತಗ್ಗುತ್ತದೆ. ಮತ್ತೆ ಲೋಡು ಹಾಕುವ ಹೊತ್ತಿಗೆ ತೆಗೆದ ಪಟ್ಟಿ ಶೆಡ್ಡಿನ ಮೂಲೆಯಲ್ಲಿರುತ್ತದೆ! ಬುದ್ಧಿವಂತಿಕೆಯ ದಾರಿ ಬೇರೆ: ದಪ್ಪನೆಯ ಕೆಲವು ಪಟ್ಟಿಗಳ ಬದಲು ತೆಳ್ಳಗಿನ ಹಲವು ಪಟ್ಟಿಗಳ ಕಟ್ಟು. ಮೊದಲು ಮೇಲಿನವು ಬಾಗುತ್ತವೆ, ಭಾರ ಏರಿದಂತೆ ಕೆಳಗಿನವು ಒಂದೊಂದಾಗಿ ಹೆಗಲು ಕೊಡುತ್ತವೆ. ಕ್ಯಾಲಿಫೋರ್ನಿಯಾದ ಮರುಭೂಮಿ ರೇಸಿನ ಮಂದಿ ಈ ಕಟ್ಟನ್ನು ಪಳಗಿಸಿದರು. ಕಲ್ಲು ಮರಳಿನ ಮೇಲೆ ಪಿಕಪ್ ಓಡಿಸುವವರಿಗೆ ಅದು ಸುಖದ ಮಾತಲ್ಲ, ಗಾಡಿ ಉಳಿಸಿಕೊಳ್ಳುವ ಮಾತು. ಜೊತೆಗೆ ಒಳ್ಳೆಯ ಶಾಕ್ ಅಬ್ಸಾರ್ಬರ್ ಬಂತು. ಅದು ಕಮಾನನ್ನು ಮೆದು ಮಾಡುವುದಿಲ್ಲ, ಕುಣಿತವನ್ನು ಬೇಗ ತಣಿಸುತ್ತದೆ ಅಷ್ಟೆ. ಹೊಸ ಶಾಕ್ ಹಾಕಿಸಿ ನಿರಾಶರಾಗುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಮಿಷಿಗನ್ನಿನ ಲ್ಯಾನ್ಸಿಂಗ್‌ನಲ್ಲಿ 1949ರಲ್ಲಿ ಶುರುವಾದ ಏರ್ ಲಿಫ್ಟ್ ಕಂಪನಿ ಹಿಡಿದದ್ದು ತಿರುಗುಮುರುಗು ದಾರಿ. ಕಾಯಿಲಿನ ಹೊಟ್ಟೆಯೊಳಗೆ ರಬ್ಬರಿನ ಗಾಳಿಚೀಲ. ಸ್ಪ್ರಿಂಗ್ ಮೆದುವಾಗಿಯೇ ಇರಲಿ, ಭಾರ ಬಿದ್ದಾಗ ಮಾತ್ರ ಗಾಳಿ ತುಂಬಿದರಾಯಿತು ಎಂಬುದು ಅದರ ತತ್ವ.

ಕೊನೆಗೆ ಕಾರ್ಖಾನೆಯವರೂ ಬಗ್ಗಿದರು. ಹೊಲಕ್ಕೂ ಕಟ್ಟಡದ ಕೆಲಸಕ್ಕೂ ಕೊಳ್ಳುತ್ತಿದ್ದ ಹೆವಿ ಡ್ಯೂಟಿ ಪಿಕಪ್ಪಿನಲ್ಲಿ ಹೆಂಡತಿ ಮಕ್ಕಳು ಕೂರತೊಡಗಿದ್ದರು. ನಾಲ್ಕು ಬಾಗಿಲು, ಚರ್ಮದ ಸೀಟು ಬಂದಿದ್ದವು. 1994ರ ಡಾಡ್ಜ್ ರಾಮ್ ನಾಲ್ಕು ಗಾಲಿ ಎಳೆತದ ಗಾಡಿಯ ಮುಂದಿನ ಕಮಾನಿಗೆ ವಿದಾಯ ಹೇಳಿ ಕಾಯಿಲ್ ಹಾಕಿತು. ಫೋರ್ಡಿನ ಸೂಪರ್ ಡ್ಯೂಟಿ 2005ರಲ್ಲಿ ಅದೇ ಹಾದಿ ಹಿಡಿಯಿತು. 2014ರ ರಾಮ್ 2500 ಹಿಂದಕ್ಕೂ ಕಾಯಿಲ್ ತಂದಿತು. ಹೆಚ್ಚು ಭಾರದ 3500ಕ್ಕೆ ಮಾತ್ರ ಕಮಾನನ್ನೇ ಉಳಿಸಿತು.

ಇಷ್ಟೆಲ್ಲ ಯಂತ್ರಗಾರಿಕೆಯ ನಡುವೆ ಕಾಸಿಲ್ಲದ ಉಪಾಯವೊಂದು ಮೊದಲಿಂದಲೂ ಉಂಟು. ಈ ಗಾಡಿಗಳ ದಪ್ಪ ಟಯರಿಗೆ 80 ಪೌಂಡ್ ಗಾಳಿ ಹಿಡಿಸಬಹುದು, ಅದು ತುಂಬು ಭಾರಕ್ಕೆ. ಟಯರ್ ಕಂಪನಿಗಳು ಯಾವ ತೂಕಕ್ಕೆ ಎಷ್ಟು ಗಾಳಿ ಎಂಬ ಪಟ್ಟಿಯನ್ನೇ ಅಚ್ಚುಹಾಕುತ್ತವೆ. ಖಾಲಿ ಓಡಿಸುವ ದಿನ ಆ ಪಟ್ಟಿ ನೋಡಿ ಗಾಳಿ ಇಳಿಸಿ, ಲೋಡು ಹಾಕುವ ದಿನ ಏರಿಸುವುದು ಅನುಭವಸ್ಥರ ರೂಢಿ. ಏರಿಸಲು ಮರೆತರೆ ಟಯರ್ ಕಾದು ಸಿಡಿಯುತ್ತದೆ. ಗಾಳಿ ಇಳಿದರೆ ಎಚ್ಚರಿಸುವ ಸಾಧನವನ್ನು ಅಮೆರಿಕದ ಕಾನೂನು 2008ರ ಮಾದರಿಗಳಿಂದ ಕಡ್ಡಾಯ ಮಾಡಿತು. ಆ ಕಡ್ಡಾಯ ಒಟ್ಟು ತೂಕ 10,000 ಪೌಂಡ್ ಒಳಗಿನ ಗಾಡಿಗಳಿಗೆ ಮಾತ್ರ. ಅತಿ ಭಾರದ ಪಿಕಪ್ಪುಗಳು ಅದರ ಹೊರಗೆ.

ಇತ್ತ ಕಾಯಿಲಿನ ಮೆದು ನಡೆಗೆ ಮನಸೋತು ರಾಮ್ 2500 ಕೊಂಡವರಲ್ಲಿ ಕೆಲವರು, ಭಾರಿ ಟ್ರೇಲರ್ ಕಟ್ಟಿದಾಗ ಹಿಂಭಾಗ ಕುಸಿಯುತ್ತದೆಂದು ಮತ್ತೆ ಗ್ಯಾರೇಜಿಗೆ ಹೋಗುತ್ತಾರೆ. ಅಲ್ಲಿ ಹಾಕಿಸಿಕೊಂಡು ಬರುವುದು ಗಾಳಿಚೀಲ.