ಚಿತ್ರಾಂಗದೆಯ ಬಾಕಿ

ಒಂದು ಲೋಕದಿಂದ ಇನ್ನೊಂದಕ್ಕೆ ಹಾರುತ್ತ ಪ್ರೀತಿಸುವ ನಾಯಕಿಯರ ಕಥೆಗಳನ್ನು ನಮ್ಮೂರು ಜಾಲಿಯ ಹುಡುಗಿಯರು ಮೊಬೈಲಿನಲ್ಲಿ ಓದುವುದು ಕಂಡರೆ ಹಿರಿಯರು ಮೂಗು ಮುರಿಯುತ್ತಾರೆ. ನನಗೋ ನಗು. 80ರ ದಶಕದಲ್ಲಿ ಭಟ್ಕಳಕ್ಕೆ ಯಕ್ಷಗಾನದ ಡೇರೆ ಮೇಳ ಬಂದಾಗ ಗೇಟಿನಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದವನು ನಾನು. ಇದೇ ಹಿರಿಯರು ಆಗ ಯಾರೂ ಕೇಳರಿಯದ ಊರಿನ ರಾಜಕುಮಾರಿಯ ಪ್ರೇಮಕ್ಕಾಗಿ ಚಾಪೆ ಹಿಡಿದು ಬಂದು ಬೆಳಗಿನ ತನಕ ಕೂತವರು!

ಸಾಲಿಗ್ರಾಮ, ಪೆರ್ಡೂರು ಮೇಳಗಳ ಜೀಪು ಮೈಕು ಕಟ್ಟಿಕೊಂಡು ‘ಈ ವರ್ಷದ ನೂತನ ಪ್ರಸಂಗ’ ಎಂದು ಕೂಗಿ ಹೋದರೆ ಸಾಕಿತ್ತು. ಭಾಗವತ ಗುಂಡ್ಮಿ ಕಾಳಿಂಗ ನಾವಡರು ಹಾಡಿದ್ದಷ್ಟೇ ಅಲ್ಲ, ‘ನಾಗಶ್ರೀ’ಯಂಥ ಕಾಲ್ಪನಿಕ ಪ್ರಸಂಗಗಳನ್ನು ಬರೆದವರೂ ಹೌದು.  ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟ ನೋಡಿ ಬೆಳೆದ ಪುರಾಣಪ್ರಿಯರಿಗೆ ಈ ಹೊಸ ಪ್ರಸಂಗಗಳೆಂದರೆ ಅಷ್ಟಕ್ಕಷ್ಟೆ. ಆದರೆ ಗೇಟಿನಲ್ಲಿ ನಿಂತವನಿಗೆ ಜನ ಎತ್ತ ಎನ್ನುವುದು ಗೊತ್ತಾಗುತ್ತಿತ್ತು.

ಪುರಾಣದ ಪ್ರಸಂಗದಲ್ಲಿ ಕೀಚಕ ಸಾಯುತ್ತಾನೆ ಎನ್ನುವುದು ಎಲ್ಲರಿಗೂ ಗೊತ್ತು. ಹೊಸ ಪ್ರಸಂಗದ ರಾಜಕುಮಾರಿಗೆ ಏನಾಗುತ್ತದೆ ಎಂದು ಪ್ರಸಂಗಕರ್ತನ ಹೊರತು ಯಾರಿಗೂ ಗೊತ್ತಿಲ್ಲ. ಜೊತೆಗೆ, ಅಲ್ಲಿ ಸ್ತ್ರೀವೇಷ ಒಂದೆರಡು ಪದ್ಯಕ್ಕೆ ಬಂದು ಹೋಗುವುದಲ್ಲ, ರಾತ್ರಿಯಿಡೀ ಕಥೆ ಅವಳದ್ದೇ. ಹೆಂಗಸರು ಡೇರೆ ತುಂಬಿದ್ದು ಅದಕ್ಕೇ. ಅದನ್ನು ಹಗುರವಾಗಿ ಕಾಣುವವರ ಜೊತೆ ನನ್ನದು ಈಗಲೂ ಜಗಳ.

ತೊಂದರೆ ಬೇರೆ ಕಡೆ ಇತ್ತು. ಕಥೆ ಗೊತ್ತಿದ್ದ ಪ್ರಸಂಗದಲ್ಲಿ ಕಲಾವಿದನಿಗೆ ಅರ್ಥ ಹೇಳಲು, ವಾದ ಬೆಳೆಸಲು ಪುರಸೊತ್ತು. ಹೊಸದರಲ್ಲಿ ಕಥೆ ಓಡಿಸುವುದೇ ಕೆಲಸವಾಗಿ ಅರ್ಥಗಾರಿಕೆ ಸಿನೆಮಾ ಡೈಲಾಗಿಗೆ ಇಳಿಯಿತು. ವರ್ಷಕ್ಕೊಂದು ಹೊಸದು ಬೇಕೇ ಬೇಕು. ಶಾಪ, ಅದಲು ಬದಲಾದ ಮಗು, ಮರುಜನ್ಮ ಎಲ್ಲವೂ ಹೆಸರು ಬದಲಿಸಿ ಮತ್ತೆ ಬಂದವು.

ಈಗ ನನ್ನ ತಂಗಿಯ ಮಗಳು ಮೊಬೈಲಿನಲ್ಲಿ ಓದುವುದು ಚೀನೀ ಮಾದರಿಯ ಕಥೆ. ಚೀನಾದಲ್ಲಿ 2003ರಲ್ಲಿ ಶುರುವಾದ ಜಿನ್‌ಜಿಯಾಂಗ್‌ನಂಥ ಜಾಲತಾಣಗಳಲ್ಲಿ ಬೆಳೆದ ಜಾತಿಯದು. ನಾಯಕಿಗೆ ಕಾಣದ ಯಾರೋ ಒಂದು ಕೆಲಸ ವಹಿಸುತ್ತಾರೆ. ಮುಗಿಸಿದರೆ ಮುಂದಿನ ಲೋಕ, ಹೊಸ ದೇಹ, ಹೊಸ ಪ್ರೇಮ.

‘ಅವಳು ಬಿಟ್ಟು ಬಂದ ಲೋಕದ ಗಂಡನ ಗತಿ ಏನೇ?’ ಎಂದೆ.

‘ಅದನ್ನೆಲ್ಲ ಯಾರು ಕೇಳ್ತಾರೆ ಮಾವ? ಮುಂದಿನ ಕಂತು ಬಂತಲ್ಲ.’

ಯಾರು ಕೇಳುತ್ತಾರೆ? ‘ಬಭ್ರುವಾಹನ ಕಾಳಗ’ ಎಂಬ ಹಳೆಯ ಪ್ರಸಂಗ ಕೇಳುತ್ತದೆ. ತೀರ್ಥಯಾತ್ರೆಗೆ ಹೊರಟ ಅರ್ಜುನನೂ ಲೋಕ ಹಾರಿದವನೇ: ನಾಗಲೋಕದಲ್ಲಿ ಉಲೂಪಿ, ಮಣಿಪುರದಲ್ಲಿ ಚಿತ್ರಾಂಗದೆ, ದ್ವಾರಕೆಯಲ್ಲಿ ಸುಭದ್ರೆ. ಆದರೆ ಪ್ರಸಂಗ ಹಿಡಿಯುವುದು ಆ ಸುಖದ ದಿನಗಳನ್ನಲ್ಲ. ಎಷ್ಟೋ ವರ್ಷದ ಮೇಲೆ ಅಶ್ವಮೇಧದ ಕುದುರೆಯ ಹಿಂದೆ ಅವನು ಮಣಿಪುರಕ್ಕೆ ಬರುತ್ತಾನೆ. ಕಪ್ಪಕಾಣಿಕೆ ಹಿಡಿದು ಬಂದ ಸ್ವಂತ ಮಗ ಬಭ್ರುವಾಹನನ ಹುಟ್ಟನ್ನೇ ಹಳಿದು ಒದೆಯುತ್ತಾನೆ. ಮಗನ ಕೈಯಲ್ಲಿ ಅಪ್ಪನ ತಲೆ ಉರುಳುತ್ತದೆ. ಅದನ್ನು ಮತ್ತೆ ಕೂಡಿಸಲು ಪಾತಾಳದ ಸಂಜೀವಕ ಮಣಿಯೇ ಬೇಕಾಗುತ್ತದೆ. ಆ ಲೋಕಕ್ಕೆ ಇಳಿದು ಕಾದಾಡಿ ಮಣಿ ತರಬೇಕಾದವನೂ ಆ ಮಗನೇ. ಲೋಕ ಹಾರಿದ್ದರ ಸುಂಕ ಕಟ್ಟಿದವರು ಬಿಟ್ಟುಹೋದ ಹೆಂಡತಿಯರು, ಮಕ್ಕಳು.

ಮೊಬೈಲಿನ ಕಥೆಗಳಲ್ಲಿ ನನಗೆ ಸಿಗದಿರುವುದು ಈ ಸುಂಕವೇ. ಓದುವವರ ಆಸೆಯಲ್ಲಿ ದೋಷವಿಲ್ಲ, ಅದು ಡೇರೆಯಲ್ಲಿದ್ದ ಆಸೆಯೇ. ದುಡ್ಡು ಕೊಟ್ಟು ಕಂತಿನ ಬೀಗ ತೆಗೆಯುವುದೂ ಟಿಕೆಟ್ಟಿನ ವ್ಯಾಪಾರವೇ, ಅದನ್ನು ನಾನು ಬೈದರೆ ಆಗುತ್ತದೆಯೇ? ಆದರೆ ಹೋದಲ್ಲೆಲ್ಲ ಏನೂ ಉಳಿಸದೆ ಮುಂದೆ ಹೋಗುವ ನಾಯಕಿಯ ಪ್ರೀತಿಗೆ ತೂಕ ಬರುವುದಿಲ್ಲ. ನಾನು ಟಿಕೆಟ್ ಹರಿದ ನೂತನ ಪ್ರಸಂಗಗಳಲ್ಲಿ ಹೆಚ್ಚಿನವುಗಳ ಹೆಸರೂ ಇಂದು ಯಾರಿಗೂ ನೆನಪಿಲ್ಲ. ‘ಬಭ್ರುವಾಹನ ಕಾಳಗ’ ಈಗಲೂ ಆಡುತ್ತಾರೆ.

ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ಪ್ರತಿಲಿಪಿಯಂಥ ಕಡೆಗಳಲ್ಲಿ ಈಗ ಕನ್ನಡದಲ್ಲೇ ಧಾರಾವಾಹಿ ಬರೆಯುವ ಹುಡುಗಿಯರಿದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ: ನಾಯಕಿಯನ್ನು ಎಷ್ಟು ಲೋಕಕ್ಕಾದರೂ ಕಳಿಸಿ, ಬಿಟ್ಟು ಬಂದ ಲೋಕಕ್ಕೂ ಒಂದು ಕಂತು ಕೊಡಿ. ಅದನ್ನು ನಾನು ದುಡ್ಡು ಕೊಟ್ಟು ಓದುತ್ತೇನೆ.