ಮೆಸ್ಸೀಯ ನಂಬಿಕೆ: ಯೆಹೂದ್ಯ ಬೇರು, ಹುಬ್ಬಳ್ಳಿ-ಧಾರವಾಡದ ಕ್ರೈಸ್ತ ಪರಂಪರೆ

ಮೆಸ್ಸೀಯ ಎಂದರೆ ದೇವರು ಆರಿಸಿಕೊಂಡ ಅಭಿಷಿಕ್ತ. ಗ್ರೀಕ್ ರೂಪ ಕ್ರಿಸ್ತ. ನಜರೇತಿನ ಯೇಸುವೇ ಆ ಅಭಿಷಿಕ್ತನೆಂಬುದು ಕ್ರೈಸ್ತ ಧರ್ಮದ ತಿರುಳು. 1830ರ ದಶಕದ ಕೊನೆಗೆ ಬಾಸೆಲ್ ಮಿಶನ್ನಿನವರು ಈ ನಂಬಿಕೆಯನ್ನು ಹುಬ್ಬಳ್ಳಿ-ಧಾರವಾಡ ಸೀಮೆಗೆ ತಂದಾಗ, ಬರಲಿರುವವನೊಬ್ಬನ ನಿರೀಕ್ಷೆ ಇಲ್ಲಿನ ಕೆಲವು ಜನರಲ್ಲಿ ಆಗಲೇ ಇತ್ತು. ಹಾಗಾಗಿ ಈ ಸೀಮೆಯ ಮೆಸ್ಸೀಯ ಚರಿತ್ರೆ ಎರಡು ನಿರೀಕ್ಷೆಗಳು ಎದುರುಬದುರಾದ ಚರಿತ್ರೆಯೂ ಹೌದು.

ಇಸ್ರಾಯೇಲಿನಲ್ಲಿ ಅಭಿಷಿಕ್ತನೆಂದರೆ ಮೊದಮೊದಲು ಕಣ್ಣೆದುರಿಗಿದ್ದ ಮನುಷ್ಯನೇ. ಕುರಿ ಕಾಯುತ್ತಿದ್ದ ಕಿರಿಯ ಮಗ ದಾವೀದನನ್ನು ಹೊಲದಿಂದ ಕರೆಸಿ, ಅಣ್ಣಂದಿರ ನಡುವೆ ನಿಲ್ಲಿಸಿ, ಪ್ರವಾದಿ ಸಮುವೇಲನು ಕೊಂಬಿನಲ್ಲಿದ್ದ ಎಣ್ಣೆಯನ್ನು ತಲೆಗೆ ಎರೆದ ಕಥೆ ಪ್ರಸಿದ್ಧ. ಯಾಜಕರಿಗೂ ಇದೇ ಅಭಿಷೇಕ. ದಾವೀದನ ಸಿಂಹಾಸನ ಎಂದೆಂದಿಗೂ ನಿಲ್ಲುವುದೆಂದು ಪ್ರವಾದಿ ನಾತಾನನು ಮಾತು ಕೊಟ್ಟಿದ್ದ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟು ದೇವಾಲಯವನ್ನು ಕೆಡವಿದಾಗ ಸಿಂಹಾಸನ ಹೋಯಿತು, ಮಾತು ಉಳಿಯಿತು. ಆ ಮಾತು ನಾಳೆಯ ಕಡೆಗೆ ತಿರುಗಿದ್ದು ಇಲ್ಲಿಂದಲೇ. ಬಾಬಿಲೋನಿನ ಸೆರೆಯ ಕಾಲದ ಯೆಶಾಯ ಗ್ರಂಥಭಾಗವು ಪರ್ಷಿಯದ ದೊರೆ ಕೋರೆಷನನ್ನೂ ಅಭಿಷಿಕ್ತನೆಂದು ಕರೆಯುತ್ತದೆ. ಹೊರಗಿನವನಿಗೂ ಆ ಹೆಸರು ಸಂದಿತ್ತು.

ರೋಮನ್ನರ ಕಾಲಕ್ಕೆ ನಿರೀಕ್ಷೆ ಹಲವು ಕವಲಾಗಿತ್ತು. ಪರಕೀಯರನ್ನು ಓಡಿಸುವ ದಾವೀದ ವಂಶದ ರಾಜ ಬರುತ್ತಾನೆಂದು ಕೆಲವರು ನಂಬಿದ್ದರು. 1947ರಿಂದ ಮೃತ ಸಮುದ್ರದ ದಡದ ಗುಹೆಗಳಲ್ಲಿ ದೊರೆತ ಸುರುಳಿಗಳಲ್ಲಿ ಯಾಜಕನೊಬ್ಬ, ರಾಜನೊಬ್ಬ, ಹೀಗೆ ಇಬ್ಬರು ಅಭಿಷಿಕ್ತರ ಮಾತಿದೆ. ದಾನಿಯೇಲನ ಗ್ರಂಥದಲ್ಲಿ ಮನುಷ್ಯಕುಮಾರನಂಥವನು ಮೇಘಗಳೊಡನೆ ಬರುತ್ತಾನೆ. ಶಿಲುಬೆಗೇರಿ ಸಾಯುವ ರಾಜನಿಗೆ ಈ ಚಿತ್ರಗಳಲ್ಲಿ ಸುಲಭವಾಗಿ ಜಾಗವಿರಲಿಲ್ಲ. ಯೇಸುವಿನ ಶಿಷ್ಯರು, ಎಲ್ಲರೂ ಯೆಹೂದ್ಯರೇ, ತಮ್ಮ ಗ್ರಂಥವನ್ನೇ ಮತ್ತೆ ಓದಿದರು. ಯೆಶಾಯನ 53ನೆಯ ಅಧ್ಯಾಯದ ನೊಂದ ಸೇವಕ, ಜೆಕರ್ಯನ ಕತ್ತೆಯೇರಿದ ಅರಸ, ಪಸ್ಕದ ಕುರಿಮರಿ ಎಲ್ಲವೂ ಯೇಸುವಿನಲ್ಲಿ ಕೂಡಿಬಂದವೆಂದು ಕಂಡರು. ಆದರೆ ಆ ಸೇವಕ ಇಸ್ರಾಯೇಲ್ ಜನಾಂಗವೇ ಎಂದು 11ನೆಯ ಶತಮಾನದ ಯೆಹೂದ್ಯ ವ್ಯಾಖ್ಯಾನಕಾರ ರಾಶಿ ಅರ್ಥ ಹೇಳಿದ. ಲೋಕದಲ್ಲಿ ಶಾಂತಿ ಇನ್ನೂ ನೆಲೆಸದಿರುವಾಗ ಮೆಸ್ಸೀಯ ಬಂದದ್ದು ಹೇಗೆ ಎಂಬುದು ಯೆಹೂದ್ಯರ ಪ್ರಶ್ನೆ. ಅದು ಗಟ್ಟಿ ಪ್ರಶ್ನೆ. ಕ್ರೈಸ್ತರ ಎರಡನೆಯ ಬರೋಣದ ನಂಬಿಕೆ ಅದಕ್ಕೆ ಉತ್ತರವಾಗಿ ನಿಲ್ಲುತ್ತದೆ.

ಬಾಸೆಲ್ ಮಿಶನ್ 1834ರಲ್ಲಿ ಕರಾವಳಿಗೆ ಬಂದು, 1837ರಲ್ಲಿ ಧಾರವಾಡದಲ್ಲೂ 1839ರಲ್ಲಿ ಹುಬ್ಬಳ್ಳಿಯಲ್ಲೂ ನೆಲೆ ಹೂಡಿತು. ಆಗ ಈ ಭಾಗದಲ್ಲಿ ಮುಂದಾಗುವುದನ್ನು ಹೇಳುವ ಕಾಲಜ್ಞಾನದ ವಚನಗಳನ್ನು ನಂಬಿದ ಗುಂಪುಗಳಿದ್ದವು. ಚೆನ್ನಬಸವಣ್ಣ ಮರಳಿ ಬರುವನು, ವೀರವಸಂತರಾಯ ಆಳುವನು, ಕಲ್ಯಾಣ ಮತ್ತೆ ಕಟ್ಟಲ್ಪಡುವುದು ಎಂಬುದು ಆ ಪರಂಪರೆಯ ಭರವಸೆ. ಇಂಥವರಲ್ಲಿ ಕೆಲವರು ಮಿಶನರಿಗಳ ಬಳಿಗೆ ಬಂದಾಗ, ದೊಡ್ಡ ಸಮುದಾಯವೇ ಸಭೆಗೆ ಸೇರುವುದೆಂದು ಮಿಶನರಿಗಳು ಆಸೆಪಟ್ಟರು. ಗದಗಿನ ಬಳಿಯ ಮಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದೂ ಹುಟ್ಟಿತು. ಎಣಿಸಿದಷ್ಟು ಜನ ಬರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಆ ಜನ ಕಾದಿದ್ದು ಕಲ್ಯಾಣದ ಮರುಸ್ಥಾಪನೆಗೆ, ಮಿಶನರಿಗಳು ಹೇಳಿದ್ದು ಅವರು ಕೇಳರಿಯದ ದಾವೀದನ ಮನೆತನದ ಕಥೆಯನ್ನು. ಹಳೆಯ ಒಡಂಬಡಿಕೆಯ ಪರಿಚಯವಿಲ್ಲದೆ ಯೇಸುವನ್ನು ಕೇಳಿದವರಿಗೆ ಆತ ಮತ್ತೊಬ್ಬ ಗುರು, ಮತ್ತೊಂದು ಅವತಾರ ಎಂದು ತೋರುವುದು ಸಹಜ.

ಆ ಪರಿಚಯ ಕೊಡಬೇಕಿದ್ದದ್ದು ಕನ್ನಡ ಬೈಬಲ್. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲ ಅನುವಾದಕ್ಕೆ ದುಡಿದಿದ್ದರು. ಮುಂದೆ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ, ಹರ್ಮನ್ ಮೊಗ್ಲಿಂಗ್ ಅದರ ಪರಿಷ್ಕರಣೆಗೆ ಕೈಹಾಕಿದರು.

1853ರಲ್ಲಿ ಭಾರತಕ್ಕೆ ಬಂದು ಈ ಸೀಮೆಯಲ್ಲೇ ಕೆಲಸ ಆರಂಭಿಸಿದ ಫರ್ಡಿನಾಂಡ್ ಕಿಟೆಲ್ ಬೇರೊಂದು ದಾರಿ ಹಿಡಿದರು. 1894ರ ನಿಘಂಟಿನಿಂದ ಮನೆಮಾತಾದ ಕಿಟೆಲ್, ಅದಕ್ಕೂ ಮುಂಚೆ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಪದ್ಯದಲ್ಲಿ ಕಟ್ಟಿದರು. 1872ರ ‘ಯಜ್ಞಸುಧಾನಿಧಿ’ಯಲ್ಲಿ ವೈದಿಕ ಯಜ್ಞದ ಚರಿತ್ರೆಯನ್ನು ಹಿಡಿದು ಕ್ರಿಸ್ತನ ಬಲಿಯ ಕಡೆಗೆ ಸಾಗಿದರು. ಕೇಳುಗರ ಗ್ರಂಥವನ್ನು ಅಷ್ಟು ಗೌರವದಿಂದ ಓದಿದ ಮಿಶನರಿಗಳು ವಿರಳ. ಆದರೂ ಯಜ್ಞದ ಹೋಲಿಕೆ ಬಲಿಯನ್ನಷ್ಟೇ ವಿವರಿಸಬಲ್ಲದು; ರಾಜ್ಯ ಕಳೆದುಕೊಂಡ ಜನಾಂಗವೊಂದು ಶತಮಾನಗಟ್ಟಲೆ ಕಾದದ್ದನ್ನು ವಿವರಿಸಲಾರದು. ಯೇಸುವನ್ನು ಕ್ರಿಸ್ತನೆಂದು ಕರೆಯುವಾಗ ಆ ಕಾಯುವಿಕೆಯನ್ನು ಬಿಡುವಂತಿಲ್ಲ.

ಆ ಕಾಯುವಿಕೆ ಯೆಹೂದ್ಯರದು. ಆದರೂ ಯೇಸುವಿನ ಸಾವಿನ ಹೊಣೆಯನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸುವ ಕ್ರೂರ ಬೋಧನೆ ಯೂರೋಪಿನಲ್ಲಿ ಬಹುಕಾಲ ನಡೆಯಿತು. ಕ್ಯಾಥೊಲಿಕ್ ಸಭೆ 1965ರಲ್ಲಿ ಅದನ್ನು ಅಧಿಕೃತವಾಗಿ ತಳ್ಳಿಹಾಕಿತು. ಇತ್ತ ಬಾಸೆಲ್ ಮಿಶನ್ ಪರಂಪರೆಯ ಹುಬ್ಬಳ್ಳಿ-ಧಾರವಾಡದ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಧರ್ಮಪ್ರಾಂತಕ್ಕೆ ಸೇರಿವೆ. ಅದರ ಕೇಂದ್ರ ಧಾರವಾಡ. ಈ ಸಭೆಗಳಲ್ಲಿ ಗರಿಗಳ ಭಾನುವಾರ ಕನ್ನಡದಲ್ಲಿ ಕೇಳಿಬರುವ ‘ಹೊಸನ್ನ’ ಹೀಬ್ರೂ ಕೀರ್ತನೆಯ ಕೂಗು. ‘ದಾವೀದನ ಕುಮಾರ’ ಎಂಬ ಬಿರುದು ಅದರ ಜೊತೆಗೇ ಬರುತ್ತದೆ.